ಜೊತೆಗಾರರಿಲ್ಲದ ಡೈವ್‌ಗೆ ತಯಾರಿ: ಸೋಲೋ ಡೈವರ್ ತರಬೇತಿಯ ವಿಮರ್ಶೆ

ಜೊತೆಗಾರರಿದ್ದೂ ನೀರಿನಡಿಯಲ್ಲಿ ನಾನು ಒಬ್ಬಳೇ ಇದ್ದೇನೆ ಎಂಬುದು ಅರಿವಾದ ದಿನವೇ ಒಂಟಿಯಾಗಿ ಸ್ಕೂಬಾ ಡೈವ್ ಮಾಡಲು ಕಲಿಸುವ ಸೋಲೋ ಡೈವರ್ ತರಬೇತಿಗೆ ಸೇರಲು ನಿರ್ಧರಿಸಿದೆ. ಅಂದು ನಾವು 22 ಮೀಟರ್ ಆಳದಲ್ಲಿದ್ದೆವು. ದೋಣಿಯಲ್ಲಿ ಹತ್ತು ನಿಮಿಷಗಳ ಹಿಂದಷ್ಟೇ ಪರಿಚಯವಾಗಿದ್ದ ವ್ಯಕ್ತಿಯೊಬ್ಬರನ್ನು ನನಗೆ ಜೋಡಿಯಾಗಿ ಗೊತ್ತುಮಾಡಲಾಗಿತ್ತು. ಬಂಡೆಯ ಸಂದಿಯಲ್ಲಿದ್ದ ಸೀಗಡಿಯೊಂದನ್ನು ನೋಡಿ ತಲೆಯೆತ್ತುವಷ್ಟರಲ್ಲಿ ಅವರು ಕಣ್ಮರೆಯಾಗಿದ್ದರು. ಕಲಿತಿದ್ದಂತೆ ಒಂದು ನಿಮಿಷ ಸುತ್ತಲೂ ಹುಡುಕಿ, ನಿಧಾನವಾಗಿ ಮೇಲೇರಿ ಬಂದರೆ ಅವರು ದೋಣಿಯ ಏಣಿ ಹಿಡಿದು ನಿಂತಿದ್ದರು. ತಮ್ಮ ಸಿಲಿಂಡರ್‌ನಲ್ಲಿ ಗಾಳಿ ಕಡಿಮೆಯಾದದ್ದನ್ನು ಕಂಡು ನನಗೊಂದು ಸನ್ನೆಯನ್ನೂ ಮಾಡದೆ ಮೇಲೆ ಬಂದಿದ್ದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಒಂದು ನಿಮಿಷದಲ್ಲಿ, ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ತಲುಪಿಸುವ ನನ್ನ ರೆಗ್ಯುಲೇಟರ್ ಕೈಕೊಟ್ಟಿದ್ದರೆ ನನಗಿದ್ದ ಪರ್ಯಾಯ ಗಾಳಿಯೆಲ್ಲ ಅವರ ಬೆನ್ನ ಮೇಲಿತ್ತು, ಅವರು ಎಲ್ಲಿದ್ದಾರೆಂಬುದು ನನಗೆ ತಿಳಿದಿರಲಿಲ್ಲ.

ಒಂಟಿಯಾಗಿ ಡೈವ್ ಮಾಡಲು ಬಯಸುವವರ ಬಗ್ಗೆ ಹೊರಗಿನವರಲ್ಲಿ ಎರಡು ಕಲ್ಪನೆಗಳಿವೆ: ಅವರು ಸಾಹಸದ ಹುಚ್ಚಿನವರು, ಇಲ್ಲವೇ ಜನರೊಡನೆ ಬೆರೆಯಲಾರದವರು. ಈ ತರಬೇತಿಯಲ್ಲಿ ನನ್ನೊಂದಿಗಿದ್ದವರಲ್ಲಿ ಈ ಎರಡೂ ಬಗೆಯವರು ಇರಲಿಲ್ಲ. ಇಬ್ಬರು ನೀರಿನಡಿಯ ಛಾಯಾಗ್ರಾಹಕರು, ಒಬ್ಬರು ವರ್ಷಗಳಿಂದ ಹೊಸಬರಿಗೆ ಡೈವಿಂಗ್ ಕಲಿಸುತ್ತಿದ್ದವರು. ಆ ಶಿಕ್ಷಕರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ನಾಲ್ವರು ಹೊಸಬರನ್ನು ಕರೆದುಕೊಂಡು ನೀರಿಗಿಳಿಯುವ ಶಿಕ್ಷಕರಿಗೆ ತೊಂದರೆಯಾದರೆ ಅವರನ್ನು ಕಾಪಾಡಬಲ್ಲವರು ಆ ನಾಲ್ವರಲ್ಲಿ ಯಾರೂ ಇರುವುದಿಲ್ಲ; ಕಾಗದದ ಮೇಲೆ ಜೋಡಿಯಿದ್ದರೂ ಶಿಕ್ಷಕರು ಪ್ರತಿದಿನವೂ ಒಂಟಿಯಾಗಿಯೇ ಡೈವ್ ಮಾಡುತ್ತಿರುತ್ತಾರೆ ಎಂದು ಅವರು ವಿವರಿಸಿದರು.

ಛಾಯಾಗ್ರಾಹಕರ ಕಾರಣ ಬೇರೆ, ಮತ್ತು ಅದು ನನ್ನದೂ ಹೌದು. ಮರಳಿನ ತಳದಲ್ಲಿ ಗೋಬಿ ಎಂಬ ಸಣ್ಣ ಮೀನೂ ಪಿಸ್ತೂಲ್ ಸೀಗಡಿಯೂ ಒಂದೇ ಬಿಲದಲ್ಲಿ ಬಾಳುತ್ತವೆ. ಸೀಗಡಿಗೆ ಕಣ್ಣು ಮಂದ, ಆದರೆ ಬಿಲ ತೋಡುವುದರಲ್ಲಿ ಅದು ನಿಪುಣ. ಗೋಬಿಗೆ ತೋಡಲು ಬಾರದು, ಆದರೆ ದೃಷ್ಟಿ ಚುರುಕು. ಸೀಗಡಿ ಮರಳನ್ನು ಹೊತ್ತು ಹೊರಗೆ ಬಂದಾಗಲೆಲ್ಲ ತನ್ನ ಮೀಸೆಯೊಂದನ್ನು ಗೋಬಿಯ ಬಾಲಕ್ಕೆ ತಾಗಿಸಿಕೊಂಡೇ ಇರುತ್ತದೆ. ಅಪಾಯ ಕಂಡೊಡನೆ ಗೋಬಿ ಬಾಲವನ್ನು ಸಣ್ಣಗೆ ಅಲುಗಿಸಿದರೆ ಸಾಕು, ಸೀಗಡಿ ಬಿಲಕ್ಕೆ ಹಿಂತಿರುಗುತ್ತದೆ. ಇದನ್ನು ನೋಡಬೇಕಾದರೆ ಬಿಲದಿಂದ ಸ್ವಲ್ಪ ದೂರದಲ್ಲಿ ತಳಕ್ಕೆ ತಾಗದಂತೆ ತೇಲುತ್ತ, ಉಸಿರನ್ನು ಹದವಾಗಿ ಬಿಡುತ್ತ, ಹತ್ತು ಹದಿನೈದು ನಿಮಿಷ ಅಲುಗಾಡದೆ ಕಾಯಬೇಕು. ಬೆನ್ನ ಹಿಂದೆ ಜೊತೆಗಾರರೊಬ್ಬರು ಬೇಸರದಿಂದ ಸುತ್ತು ಹಾಕುತ್ತಿದ್ದರೆ, ಅವರ ಗುಳ್ಳೆಗಳ ಸದ್ದಿಗೂ ರೆಕ್ಕೆಗಾಲಿನ ನೆರಳಿಗೂ ಆ ಜೋಡಿ ಹೊರಗೆ ಬರುವುದೇ ಇಲ್ಲ. ಅವರನ್ನು ಕಾಯಿಸುತ್ತಿದ್ದೇನೆಂಬ ಸಂಕೋಚ ಬೇರೆ. ಒಬ್ಬರ ಗಮನ ಇಬ್ಬರಿಗೆ ಹಂಚಿಹೋದಾಗ ಸೀಗಡಿಯೂ ಸಿಗುವುದಿಲ್ಲ, ಜೊತೆಗಾರರ ಸುರಕ್ಷತೆಗೆ ಸಲ್ಲಬೇಕಾದ ಎಚ್ಚರವೂ ಪೂರ್ತಿಯಾಗಿ ಸಲ್ಲುವುದಿಲ್ಲ. ಆ ಮೀಸೆ ಮತ್ತು ಬಾಲದ ನಡುವಿನ ಎಡೆಬಿಡದ ಸ್ಪರ್ಶವನ್ನು ನೋಡಿದಾಗಲೆಲ್ಲ, ಜೋಡಿ ಪದ್ಧತಿ ಎಂದು ನಾವು ಕರೆಯುವುದರಲ್ಲಿ ಇದರ ಒಂದಂಶವಾದರೂ ಇದ್ದಿದ್ದರೆ ಎಂದು ನನಗೆ ಅನಿಸಿದೆ.

ಇನ್ನು ಗಾಳಿಯ ಲೆಕ್ಕ. ಇಬ್ಬರು ಸೇರಿ ಮಾಡುವ ಡೈವ್, ಹೆಚ್ಚು ಗಾಳಿ ಬಳಸುವವರ ಸಿಲಿಂಡರ್ ಬರಿದಾಗುತ್ತ ಬಂದೊಡನೆ ಮುಗಿಯುತ್ತದೆ. ಅದು ಯಾರ ತಪ್ಪೂ ಅಲ್ಲ. ಆದರೆ ಬೇಗ ಬಳಸುವವರಿಗೆ ಮುಜುಗರ, ನಿಧಾನವಾಗಿ ಬಳಸುವವರಿಗೆ ನಿರಾಸೆ. ಮುಜುಗರಕ್ಕೆ ಬಿದ್ದವರು, ಸಿಲಿಂಡರ್‌ನ ಒತ್ತಡ ತೋರಿಸುವ ಮೀಟರ್‌ನಲ್ಲಿರುವುದಕ್ಕಿಂತ ಹೆಚ್ಚು ಗಾಳಿಯಿದೆಯೆಂದು ಸನ್ನೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತರಬೇತಿಯ ವಿಷಯಕ್ಕೆ ಬರುತ್ತೇನೆ. ಡೈವಿಂಗ್ ಕಲಿಸುವ ಸಂಸ್ಥೆಗಳು ಬಹುಕಾಲದಿಂದ ಜೋಡಿ ಪದ್ಧತಿಯನ್ನೇ ಬೋಧಿಸುತ್ತ ಬಂದಿವೆ, ಹೊಸಬರ ಮಟ್ಟಿಗೆ ಇಂದಿಗೂ ಅದೇ ಸರಿ. ಅನುಭವಿಗಳಿಗಾಗಿ ಎಸ್‌ಡಿಐ (ಸ್ಕೂಬಾ ಡೈವಿಂಗ್ ಇಂಟರ್‌ನ್ಯಾಷನಲ್) ಸಂಸ್ಥೆ ಸೋಲೋ ಡೈವರ್ ಎಂಬ ಹೆಸರಿನಲ್ಲಿಯೇ ಪಾಠಕ್ರಮವನ್ನು ನಡೆಸುತ್ತದೆ. ಅದಕ್ಕೆ ಕನಿಷ್ಠ 21 ವರ್ಷ ವಯಸ್ಸಾಗಿರಬೇಕು, 100 ಡೈವ್‌ಗಳ ದಾಖಲೆಯಿರಬೇಕು. 1966ರಲ್ಲಿ ಆರಂಭವಾದ ಪ್ಯಾಡಿ ಸಂಸ್ಥೆ ಇಂಥದೇ ತರಬೇತಿಯನ್ನು ಸೆಲ್ಫ್ ರಿಲಯಂಟ್ ಡೈವರ್ ಎಂದು ಕರೆಯುತ್ತದೆ. ಅಲ್ಲಿ ವಯಸ್ಸಿನ ಮಿತಿ 18, ಡೈವ್‌ಗಳ ಸಂಖ್ಯೆ ಅದೇ 100. ಒಂದು ಹೆಸರು ಒಂಟಿತನವನ್ನು ನೇರವಾಗಿ ಹೇಳುತ್ತದೆ, ಇನ್ನೊಂದು ಸ್ವಾವಲಂಬನೆ ಎನ್ನುತ್ತದೆ. ತಿರುಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ನಾನು ಸೇರಿದ ಕೇಂದ್ರ ಯಾವ ಪಾಠಕ್ರಮವನ್ನು ಅನುಸರಿಸುತ್ತಿತ್ತು ಎಂಬುದನ್ನು ಇಲ್ಲಿ ಹೇಳುತ್ತಿಲ್ಲ. ನನ್ನ ಆಕ್ಷೇಪಗಳು ಆ ಕೇಂದ್ರ ಪಾಠ ನಡೆಸಿದ ರೀತಿಯ ಬಗ್ಗೆ ಮಾತ್ರ.

ಮೊದಲ ಪಾಠದಲ್ಲಿಯೇ ಶಿಕ್ಷಕರು ನಮ್ಮನ್ನು ಲೆಕ್ಕಕ್ಕೆ ಕೂರಿಸಿದರು, ಇಡೀ ತರಬೇತಿಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ ಭಾಗ ಅದೇ. 10 ಮೀಟರ್ ಆಳದಲ್ಲಿ ನೀರಿನ ಒತ್ತಡ ಗಾಳಿಯ ಒತ್ತಡದೊಂದಿಗೆ ಸೇರಿ 2 ಬಾರ್ ಆಗುತ್ತದೆ, 30 ಮೀಟರ್‌ನಲ್ಲಿ 4 ಬಾರ್; ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಮೇಲ್ಮೈಯ ಗಾಳಿಯ ಒತ್ತಡದಷ್ಟು. ಆದ್ದರಿಂದ ಅದೇ ಒಂದು ಉಸಿರಿಗೆ 30 ಮೀಟರ್ ಆಳದಲ್ಲಿ ಮೇಲ್ಮೈಗಿಂತ ನಾಲ್ಕು ಪಟ್ಟು ಗಾಳಿ ಖರ್ಚಾಗುತ್ತದೆ. ಇದು ಎಲ್ಲ ಡೈವರ್‌ಗಳಿಗೂ ಗೊತ್ತಿರುವ ಸಂಗತಿ. ಆದರೆ ತನ್ನ ಉಸಿರಿನ ಅಳತೆಯನ್ನು ತಾನೇ ತೆಗೆದವರು ಕಡಿಮೆ. ನಾನು 12 ಲೀಟರ್ ಸಿಲಿಂಡರ್ ಹೊತ್ತು 10 ಮೀಟರ್ ಆಳದಲ್ಲಿ ಹತ್ತು ನಿಮಿಷ ಸಾವಧಾನವಾಗಿ ಈಜಿದಾಗ ಮೀಟರ್ 30 ಬಾರ್ ಇಳಿದಿತ್ತು. ಎಂದರೆ 12ರ 30 ಪಟ್ಟು, 360 ಲೀಟರ್; ಅಲ್ಲಿ ಒತ್ತಡ ಇಮ್ಮಡಿಯಾದ್ದರಿಂದ ಮೇಲ್ಮೈಯ ಲೆಕ್ಕದಲ್ಲಿ ನಿಮಿಷಕ್ಕೆ 18 ಲೀಟರ್. ಅದಾದ ಮೇಲೆ ಅದೇ ಆಳದಲ್ಲಿ ಐದು ನಿಮಿಷ ಬಿರುಸಾಗಿ ಈಜಿಸಿದರು. ಈ ಬಾರಿ 25 ಬಾರ್ ಇಳಿಯಿತು, ಅಂದರೆ ನಿಮಿಷಕ್ಕೆ 30 ಲೀಟರ್. ಗಾಬರಿಯಾದಾಗ ನಾನು ಉಸಿರಾಡುವುದು ಈ ಎರಡನೆಯ ಅಂಕಿಯಂತೆಯೇ ಹೊರತು ಮೊದಲನೆಯದರಂತಲ್ಲ ಎಂದು ಶಿಕ್ಷಕರು ಹೇಳಿದಾಗ, ಅಲ್ಲಿಯವರೆಗಿನ ನನ್ನ ಎಲ್ಲ ಯೋಜನೆಗಳೂ ಶಾಂತ ಮನಸ್ಸಿನ ಒಬ್ಬ ಡೈವರ್‌ಗಾಗಿ ಮಾಡಿದವು ಎಂಬುದು ತಿಳಿಯಿತು.

ಆ ಅಂಕಿಯಿಂದಲೇ ಬದಲಿ ಸಿಲಿಂಡರ್‌ನ ಆಯ್ಕೆಯೂ ತೀರ್ಮಾನವಾಗುತ್ತದೆ. 30 ಮೀಟರ್ ಆಳದಲ್ಲಿ ಮುಖ್ಯ ಗಾಳಿ ನಿಂತುಹೋಯಿತೆಂದು ಇಟ್ಟುಕೊಳ್ಳೋಣ. ಪರಿಸ್ಥಿತಿಯನ್ನು ಸಂಭಾಳಿಸಿಕೊಳ್ಳಲು ಒಂದು ನಿಮಿಷ ಬೇಕು, ಅದಕ್ಕೆ 30ರ ನಾಲ್ಕು ಪಟ್ಟು, 120 ಲೀಟರ್. ನಿಮಿಷಕ್ಕೆ 9 ಮೀಟರ್‌ನಂತೆ 5 ಮೀಟರ್‌ವರೆಗೆ ಏರಲು ಸುಮಾರು 230 ಲೀಟರ್. ದೇಹದಲ್ಲಿ ಕರಗಿದ ಸಾರಜನಕ ಹೊರಹೋಗಲೆಂದು ಅಲ್ಲಿ ಮಾಡುವ ಮೂರು ನಿಮಿಷದ ಸುರಕ್ಷತಾ ನಿಲುಗಡೆಗೆ 135 ಲೀಟರ್. ಕೊನೆಯ 5 ಮೀಟರ್ ಏರಲು ಮತ್ತೆ ಸುಮಾರು 20 ಲೀಟರ್. ಒಟ್ಟು 500 ಲೀಟರ್‌ಗಿಂತ ಸ್ವಲ್ಪ ಹೆಚ್ಚು. ಪಕ್ಕಕ್ಕೆ ಕಟ್ಟಿಕೊಳ್ಳುವ 3 ಲೀಟರ್‌ನ ಪೋನಿ ಸಿಲಿಂಡರ್‌ಗೆ 200 ಬಾರ್ ತುಂಬಿಸಿದರೆ 600 ಲೀಟರ್ ಇರುತ್ತದೆ. ಆದ್ದರಿಂದ ಅದು ಸಾಕು, ಆದರೆ ಧಾರಾಳವಾಗಿ ಅಲ್ಲ. ಅಂಗೈಯಲ್ಲಿ ಹಿಡಿಯಬಹುದಾದ ಪುಟ್ಟ ತುರ್ತು ಸಿಲಿಂಡರ್‌ಗಳು ಮಾರುಕಟ್ಟೆಯಲ್ಲಿವೆ, ಅವುಗಳಲ್ಲಿ ದೊಡ್ಡ ಮಾದರಿಗಳಲ್ಲೂ ಸುಮಾರು 85 ಲೀಟರ್ ಗಾಳಿ ಹಿಡಿಯುತ್ತದೆ. ಮೇಲಿನ ಲೆಕ್ಕದಂತೆ 30 ಮೀಟರ್ ಆಳದಲ್ಲಿ ಅದು ಮುಕ್ಕಾಲು ನಿಮಿಷವೂ ಬಾರದು. 10 ಮೀಟರ್ ಆಳದಿಂದ ನೇರವಾಗಿ ಮೇಲೆ ಬರಲು ಅದು ನೆರವಾದೀತು. ನನ್ನ ಚೀಲದಲ್ಲೂ ಅಂಥದೊಂದು ವರ್ಷಗಳಿಂದ ಇತ್ತು. ಲೆಕ್ಕ ಮುಗಿದ ಸಂಜೆಯೇ ಅದನ್ನು ತೆಗೆದಿಟ್ಟೆ.

ಉಳಿದ ಸಲಕರಣೆಗಳ ಪಾಠ ಚೆನ್ನಾಗಿಯೇ ಇತ್ತು: ಎರಡು ಮಾಸ್ಕ್, ಎರಡು ಕತ್ತರಿಸುವ ಸಾಧನ, ಆಳ ಮತ್ತು ಸಮಯ ಅಳೆಯಲು ಎರಡನೆಯ ಉಪಕರಣ, ದಿಕ್ಸೂಚಿ, ನಾವಿರುವ ಜಾಗವನ್ನು ಮೇಲಿನವರಿಗೆ ತೋರಿಸಲು ದಾರದ ಉರುಳೆಯೊಂದಿಗೆ ತೇಲುವ ಸರ್ಫೇಸ್ ಮಾರ್ಕರ್, ಸೀಟಿ. ಪೋನಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಶಿಕ್ಷಕರು ಒತ್ತಿ ಹೇಳಿದ್ದು ನನಗೆ ಮೆಚ್ಚುಗೆಯಾಯಿತು. ಎರಡು ರೆಗ್ಯುಲೇಟರ್‌ಗಳ ಬಾಯಿಕಟ್ಟುಗಳು (ಬಾಯಲ್ಲಿ ಕಚ್ಚಿಕೊಳ್ಳುವ ಭಾಗಗಳು) ಒಂದೇ ರೀತಿ ಇದ್ದರೆ, ನೀರಿಗಿಳಿಯುವ ಗಡಿಬಿಡಿಯಲ್ಲಿ ಪೋನಿಯದನ್ನೇ ಬಾಯಿಗಿಟ್ಟುಕೊಂಡು ಡೈವ್ ಆರಂಭಿಸುವವರಿದ್ದಾರೆ. ಮುಖ್ಯ ಸಿಲಿಂಡರ್ ತುಂಬಿಯೇ ಇರುತ್ತದೆ, ಮೀಟರ್ ಸ್ವಲ್ಪವೂ ಇಳಿಯದೆ ಸಮಾಧಾನ ಕೊಡುತ್ತಿರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಆಳದಲ್ಲಿ ಗಾಳಿ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಅದಕ್ಕಾಗಿ ಪೋನಿಯ ರೆಗ್ಯುಲೇಟರ್‌ಗೆ ಬೇರೆ ಆಕಾರದ ಬಾಯಿಕಟ್ಟನ್ನು ಹಾಕಿ, ಕತ್ತಿನ ಸುತ್ತ ಸ್ಥಿತಿಸ್ಥಾಪಕ ದಾರದಲ್ಲಿ ಗದ್ದದ ಕೆಳಗೆ ತೂಗುಹಾಕುವುದನ್ನು ಕಲಿಸಿದರು. ಕೈ ಬಳಸದೆಯೇ, ತಲೆ ಬಾಗಿಸಿ ಬಾಯಿಯಿಂದಲೇ ಅದನ್ನು ಹಿಡಿಯಬಹುದು. ಪೋನಿಯ ಕವಾಟವನ್ನು ಡೈವ್‌ನುದ್ದಕ್ಕೂ ತೆರೆದಿಡಬೇಕೇ, ಒತ್ತಡ ತುಂಬಿಸಿ ಮುಚ್ಚಿಡಬೇಕೇ ಎಂಬುದರಲ್ಲಿ ಡೈವರ್‌ಗಳಲ್ಲಿ ಒಮ್ಮತವಿಲ್ಲ. ತೆರೆದಿಟ್ಟರೆ ಗಮನಕ್ಕೆ ಬಾರದೆ ಸೋರಿಹೋಗುವ ಭಯ. ಮುಚ್ಚಿಟ್ಟರೆ ತುರ್ತಿನಲ್ಲಿ ಒಂದು ಕೆಲಸ ಹೆಚ್ಚು. ಗದ್ದದ ಕೆಳಗೆ ಸೋರುವ ಗುಳ್ಳೆ ಕಣ್ಣಿಗೆ ಬೀಳದೆ ಇರುವುದಿಲ್ಲವಾದ್ದರಿಂದ ನಾನು ತೆರೆದೇ ಇಡುತ್ತೇನೆ.

ನೀರಿನ ಪಾಠಗಳಲ್ಲಿ ಒಂದನ್ನು ಮಾತ್ರ ವಿವರವಾಗಿ ಹೇಳುತ್ತೇನೆ. 15 ಮೀಟರ್ ಆಳದಲ್ಲಿ ಶಿಕ್ಷಕರು ನನ್ನ ಮಾಸ್ಕ್ ತೆಗೆಸಿ, ಗಾಳಿಯಿಲ್ಲವೆಂಬ ಸನ್ನೆಯನ್ನು ನನ್ನ ತೋಳಿನ ಮೇಲೆ ಕೈಯಿಂದ ತಟ್ಟಿ ತಿಳಿಸಿ, ದೂರ ಸರಿದರು. ಉಪ್ಪುನೀರು ಕಣ್ಣಿಗೆ ತಾಗುತ್ತಿತ್ತು, ಎದುರಿಗಿದ್ದುದೆಲ್ಲ ಹಸಿರು ಮಬ್ಬು. ಅಭ್ಯಾಸಬಲದಿಂದ ನನ್ನ ಬಲಗೈ ಮುಂದೆ ಚಾಚಿತು. ವರ್ಷಗಟ್ಟಲೆ ಗಾಳಿ ಬೇಕಾದಾಗ ಜೊತೆಗಾರರ ಕಡೆಗೆ ಕೈ ಚಾಚುವುದನ್ನೇ ಕಲಿತಿದ್ದೆನಲ್ಲ. ಅಲ್ಲಿ ಯಾರೂ ಇರಲಿಲ್ಲ. ಚಾಚಿದ ಆ ಕೈ ಹಿಂತಿರುಗಿ ಗದ್ದದ ಕೆಳಗಿನ ರೆಗ್ಯುಲೇಟರ್ ಮುಟ್ಟುವವರೆಗೆ ಕಳೆದದ್ದು ಎರಡು ಮೂರು ಸೆಕೆಂಡುಗಳಿರಬಹುದು. ಮೂಗಿಗೆ ನೀರು ಏರುತ್ತಿದ್ದಾಗ ಅದು ಬಹಳ ದೀರ್ಘವಾಗಿತ್ತು. ಅದೇ ಅಭ್ಯಾಸವನ್ನು ಅಂದು ನಾಲ್ಕು ಬಾರಿ ಮಾಡಿಸಿದರು, ನಾಲ್ಕನೆಯ ಬಾರಿ ಕೈ ಮುಂದೆ ಹೋಗದೆ ನೇರವಾಗಿ ಗದ್ದದ ಕೆಳಗೆ ಹೋಯಿತು. ಹಣಕ್ಕೂ ಸಮಯಕ್ಕೂ ತಕ್ಕ ಪ್ರತಿಫಲ ಸಿಕ್ಕಿತು ಎಂದು ನನಗೆ ಅನಿಸಿದ್ದು ಆ ಕ್ಷಣದಲ್ಲಿ. ಮೇಲ್ಮೈಯಲ್ಲಿ ಪೂರ್ತಿ ಸಲಕರಣೆ ಹೊತ್ತು 200 ಮೀಟರ್ ಈಜು, ದಿಕ್ಸೂಚಿಯಿಂದ ಹೊರಟಲ್ಲಿಗೇ ಮರಳುವುದು, ಮಾರ್ಕರ್ ಬಿಡುವುದು ಇವೆಲ್ಲ ಇದ್ದವು, ಅವುಗಳಲ್ಲಿ ಹೊಸದೇನೂ ಇರಲಿಲ್ಲ.

ಕೊರತೆಗಳು ಸಣ್ಣವಲ್ಲ. ಒಂಟಿ ಡೈವರ್‌ನ ನಿಜವಾದ ಶತ್ರು ಗಾಳಿ ಮುಗಿಯುವುದಲ್ಲ, ಪ್ರಜ್ಞೆ ತಪ್ಪುವುದು. ಸಲಕರಣೆ ಕೆಟ್ಟರೆ ಬದಲಿ ಸಲಕರಣೆಯಿದೆ. ಹೃದಯ ಕೈಕೊಟ್ಟರೆ, ಶ್ವಾಸಕೋಶದಲ್ಲಿ ಇದ್ದಕ್ಕಿದ್ದಂತೆ ನೀರು ತುಂಬಿಕೊಂಡರೆ, ಆಮ್ಲಜನಕದ ವಿಷಪರಿಣಾಮದಿಂದ ಸೆಳೆತ ಬಂದರೆ, ಬಾಯಿಂದ ಜಾರಿದ ರೆಗ್ಯುಲೇಟರನ್ನು ಮರಳಿ ಇಡಬಲ್ಲ ಇನ್ನೊಂದು ಕೈ ಅಲ್ಲಿರುವುದಿಲ್ಲ. 3 ಲೀಟರ್ ಪೋನಿಯಾಗಲಿ 12 ಲೀಟರ್ ಪೋನಿಯಾಗಲಿ ಇದಕ್ಕೆ ಉತ್ತರವಲ್ಲ. ಇಷ್ಟು ಗಂಭೀರವಾದ ವಿಷಯಕ್ಕೆ ಆ ಕೇಂದ್ರದಲ್ಲಿ ಸಿಕ್ಕಿದ್ದು ಒಂದು ಆರೋಗ್ಯ ಘೋಷಣಾ ಪತ್ರಕ್ಕೆ ಸಹಿ ಮತ್ತು ಹತ್ತು ನಿಮಿಷಗಳ ಮಾತು. ನಮ್ಮಲ್ಲಿ ಒಬ್ಬರಿಗೆ ಐವತ್ತು ದಾಟಿತ್ತು, ಅವರು ರಕ್ತದೊತ್ತಡಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದರು. ವೈದ್ಯರಿಂದ ತಪಾಸಣೆ ಮಾಡಿಸಿಕೊಂಡು ಬರಲು ಅವರಿಗೆ ಯಾರೂ ಹೇಳಲಿಲ್ಲ. ಈ ತರಬೇತಿಯ ಬಾಗಿಲಲ್ಲಿಯೇ 100 ಡೈವ್‌ಗಳ ದಾಖಲೆಯ ಪಕ್ಕದಲ್ಲಿ ವೈದ್ಯರ ಪ್ರಮಾಣಪತ್ರವನ್ನೂ ಕೇಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮಾಮೂಲಿ ಗಾಳಿಗಿಂತ ಹೆಚ್ಚು ಆಮ್ಲಜನಕವಿರುವ ನೈಟ್ರಾಕ್ಸ್ ಮಿಶ್ರಣವನ್ನು ಬಳಸುವವರಿಗಂತೂ ಇದು ಇನ್ನಷ್ಟು ಮುಖ್ಯ. ಆಮ್ಲಜನಕದ ಆಂಶಿಕ ಒತ್ತಡ, ಎಂದರೆ ಒಟ್ಟು ಒತ್ತಡದಲ್ಲಿ ಅದರ ಪಾಲು, 1.4 ಬಾರ್ ದಾಟದಂತೆ ನೋಡಿಕೊಳ್ಳಬೇಕೆಂಬ ನಿಯಮದಂತೆ ಶೇಕಡ 32ರ ಮಿಶ್ರಣಕ್ಕೆ ಸುಮಾರು 33 ಮೀಟರ್, ಶೇಕಡ 36ಕ್ಕೆ ಸುಮಾರು 28 ಮೀಟರ್ ಮಿತಿಯಾಗುತ್ತದೆ. ಜೊತೆಗಾರರಿದ್ದಾಗ ಆ ಮಿತಿಯನ್ನು ಕ್ಷಣಕಾಲ ಮೀರಿದರೆ ಕೈಸನ್ನೆಯಿಂದ ಎಚ್ಚರಿಸುತ್ತಾರೆ. ಒಬ್ಬರೇ ಇದ್ದಾಗ ಆಳ ಮತ್ತು ಸಮಯ ಅಳೆಯುವ ಡೈವ್ ಕಂಪ್ಯೂಟರ್‌ನ ಸದ್ದಷ್ಟೇ ಎಚ್ಚರಿಕೆ, 30 ಮೀಟರ್ ಆಸುಪಾಸಿನಲ್ಲಿ ಹೆಚ್ಚಿದ ಒತ್ತಡದಲ್ಲಿ ಉಸಿರಾಡಿದ ಸಾರಜನಕದ ಅಮಲು ಕವಿಯತೊಡಗಿದರೆ ಆ ಸದ್ದಿಗೂ ನಾವು ತಕ್ಕ ಬೆಲೆ ಕೊಡದಿರಬಹುದು. ಅಮಲೇರಿದ ಮನಸ್ಸು ತನಗೆ ಅಮಲೇರಿದೆಯೆಂದು ತಾನೇ ಗುರುತಿಸಲಾರದು. ಜೊತೆಗಾರರ ಅತ್ಯುತ್ತಮ ಉಪಯೋಗ ಇರುವುದು ಇಲ್ಲಿಯೇ ಎಂಬುದನ್ನು ಒಂಟಿ ಡೈವಿಂಗನ್ನು ಪ್ರೀತಿಸುವ ನಾನು ಒಪ್ಪಿಕೊಳ್ಳಲೇಬೇಕು. ಪ್ರಮಾಣಪತ್ರ 40 ಮೀಟರ್‌ವರೆಗೆ ಅವಕಾಶ ಕೊಟ್ಟರೂ ನನಗೆ ನಾನೇ ಹಾಕಿಕೊಂಡಿರುವ ಗಡಿ 18 ಮೀಟರ್.

ಇನ್ನೊಂದು ಆಕ್ಷೇಪವಿದೆ. ಎಲ್ಲ ಅಭ್ಯಾಸಗಳೂ ಅಲೆಯಿಲ್ಲದ, ಪ್ರವಾಹವಿಲ್ಲದ, ತಿಳಿಯಾದ ನೀರಿನಲ್ಲಿ ನಡೆದವು. ಹಳೆಯ ಮೀನುಬಲೆಯ ತುಂಡು ಸಿಲಿಂಡರ್‌ನ ಕವಾಟಕ್ಕೆ ಸಿಕ್ಕಿಹಾಕಿಕೊಂಡರೆ ಬೆನ್ನ ಹಿಂದಿನ ಅದನ್ನು ಬಿಡಿಸಿಕೊಳ್ಳುವುದು ಒಂಟಿ ಡೈವರ್‌ಗೆ ಬರಬಹುದಾದ ಅತ್ಯಂತ ಕಷ್ಟದ ಕೆಲಸಗಳಲ್ಲೊಂದು; ಅದನ್ನು ಬಾಯಿಮಾತಿನಲ್ಲಿ ವಿವರಿಸಿದರೇ ಹೊರತು ಮಾಡಿಸಲಿಲ್ಲ. ನಾನು ಆಮೇಲೆ ಗೆಳತಿಯೊಬ್ಬಳ ಸಹಾಯದಿಂದ ಈಜುಕೊಳದಲ್ಲಿ ಅದನ್ನು ಅಭ್ಯಾಸ ಮಾಡಿದೆ. ಗಾಳಿ ತುಂಬಿ ತೇಲಾಟವನ್ನು ಹೊಂದಿಸುವ ಬಿಸಿಡಿ ಜಾಕೆಟ್‌ನ ಪಟ್ಟಿಗಳನ್ನು ಸಡಿಲಿಸಿ, ರೆಗ್ಯುಲೇಟರನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಇಡೀ ಸಲಕರಣೆಯನ್ನು ಮುಂದಕ್ಕೆ ತಂದು, ದಾರ ಕತ್ತರಿಸಿ, ಮತ್ತೆ ತೊಡಲು ಮೊದಲ ಸಲ ನನಗೆ ಆರು ನಿಮಿಷ ಹಿಡಿಯಿತು. ತೂಕದ ಪಟ್ಟಿ ನನ್ನ ಸೊಂಟದಲ್ಲಿದ್ದು ತೇಲಾಟವೆಲ್ಲ ಜಾಕೆಟ್‌ನಲ್ಲಿದ್ದುದರಿಂದ ಅದು ಮೇಲಕ್ಕೂ ನಾನು ಕೆಳಕ್ಕೂ ಜಗ್ಗುತ್ತಿದ್ದೆವು. ಇದನ್ನು ಕಲಿಸದ ಕೇಂದ್ರದಲ್ಲಿ ತರಬೇತಿ ಪಡೆಯುವವರು ಇದನ್ನು ಕೇಳಿ ಮಾಡಿಸಿಕೊಳ್ಳಬೇಕು.

ಪ್ರಮಾಣಪತ್ರ ಕೈಗೆ ಬಂದೊಡನೆ ಎಲ್ಲ ದೋಣಿಗಳೂ ಒಬ್ಬರನ್ನೇ ನೀರಿಗಿಳಿಸುತ್ತವೆ ಎಂದು ನಂಬಬಾರದು. ಅನೇಕ ಡೈವಿಂಗ್ ಸೇವೆಗಳು ಯಾವ ಪ್ರಮಾಣಪತ್ರವಿದ್ದರೂ ಜೋಡಿಯಿಲ್ಲದೆ ಬಿಡುವುದಿಲ್ಲ, ವಿಮೆಯ ಷರತ್ತುಗಳನ್ನೂ ಮೊದಲೇ ಓದಿಕೊಂಡಿರಬೇಕು. ಹಾಗಾಗಿ ಈ ತರಬೇತಿ ಪಡೆದ ಮೇಲೂ ನನ್ನ ಹೆಚ್ಚಿನ ಡೈವ್‌ಗಳು ಜೊತೆಗಾರರೊಂದಿಗೇ ನಡೆದಿವೆ. ಅವುಗಳಲ್ಲಿ ಆಗಿರುವ ಬದಲಾವಣೆಯನ್ನು ನಾನು ನಿರೀಕ್ಷಿಸಿರಲಿಲ್ಲ. ನನ್ನ ಗಾಳಿ, ನನ್ನ ದಾರಿ, ನನ್ನ ಬದಲಿ ವ್ಯವಸ್ಥೆ ಎಲ್ಲವೂ ನನ್ನಲ್ಲಿಯೇ ಇರುವುದರಿಂದ ಜೊತೆಗಾರರನ್ನು ನನ್ನ ಅಗತ್ಯಕ್ಕಾಗಿ ನೋಡುವುದು ನಿಂತಿದೆ, ಅವರಿಗೇನು ಬೇಕು ಎಂದು ನೋಡಲು ಬಿಡುವು ಸಿಕ್ಕಿದೆ. ಹಿಂದೆ ನನ್ನನ್ನು ಬಿಟ್ಟು ಮೇಲೆ ಹೋದ ಆ ವ್ಯಕ್ತಿಯ ಮೀಟರ್ ಎಷ್ಟು ತೋರಿಸುತ್ತಿದೆಯೆಂದು ನಾನಾದರೂ ಅಂದು ಒಮ್ಮೆಯೂ ಕೇಳಿರಲಿಲ್ಲ.

100 ಡೈವ್‌ಗಳು ಮುಗಿದಿದ್ದರೂ ಇನ್ನೂ ಪ್ರತಿ ಡೈವ್‌ನ ಯೋಜನೆಯನ್ನು ಬೇರೆಯವರಿಂದ ಮಾಡಿಸಿಕೊಂಡು ಹಿಂಬಾಲಿಸುತ್ತಿರುವವರಿಗೆ, ಜೊತೆಗಾರರ ಮೇಲಿನ ಸಿಟ್ಟಿನಿಂದ ಒಂಟಿಯಾಗಲು ಹೊರಟವರಿಗೆ, ಆಳವನ್ನೇ ಗುರಿಯಾಗಿಟ್ಟುಕೊಂಡವರಿಗೆ ನಾನು ಈ ತರಬೇತಿಯನ್ನು ಸೂಚಿಸುವುದಿಲ್ಲ. ಆಳವಿಲ್ಲದ ನೀರಿನಲ್ಲಿ ಒಂದೇ ಜಾಗದಲ್ಲಿ ಹೆಚ್ಚು ಹೊತ್ತು ಇರಲು ಬಯಸುವವರಿಗೂ, ಬೇರೆಯವರ ಹೊಣೆ ಹೊತ್ತು ನೀರಿಗಿಳಿಯುವ ಶಿಕ್ಷಕರಿಗೂ ಮನಸಾರೆ ಸೂಚಿಸುತ್ತೇನೆ, ಆರೋಗ್ಯ ತಪಾಸಣೆಯನ್ನು ತಾವೇ ಮಾಡಿಸಿಕೊಂಡು ಹೋಗಬೇಕೆಂಬ ಷರತ್ತಿನೊಂದಿಗೆ.

ತರಬೇತಿ ಮುಗಿದ ಹದಿನೈದು ದಿನಗಳ ಮೇಲೆ ನನ್ನ ಮೊದಲ ಒಂಟಿ ಡೈವ್ ಆಯಿತು. 12 ಮೀಟರ್ ಆಳದ ಮರಳು ತಳ, ನೂರಾರು ಬಾರಿ ಇಳಿದಿದ್ದ ಜಾಗ. ದಡದಲ್ಲಿ ಗೆಳತಿ ಸ್ಲೇಟಿನ ಮೇಲೆ ನಾನು ಇಳಿದ ಸಮಯವನ್ನೂ, ಮೇಲೆ ಬರಬೇಕಾದ ಸಮಯವನ್ನೂ, ಅದು ಮೀರಿ ಹದಿನೈದು ನಿಮಿಷವಾದರೆ ಯಾರನ್ನು ಕರೆಯಬೇಕೆಂಬುದನ್ನೂ ಬರೆದುಕೊಂಡಿದ್ದಳು. ಗೋಬಿಯ ಬಿಲದ ಮುಂದೆ ಇಪ್ಪತ್ತು ನಿಮಿಷ ತೇಲಿದೆ. ಸೀಗಡಿ ಹನ್ನೊಂದು ಬಾರಿ ಮರಳು ಹೊತ್ತು ಹೊರಗೆ ಬಂತು, ಅಷ್ಟು ಬಾರಿಯೂ ಅದರ ಮೀಸೆ ಗೋಬಿಯ ಬಾಲದ ಮೇಲಿತ್ತು. ಮೀಟರ್ 100 ಬಾರ್ ತೋರಿಸಿದಾಗ ಹಿಂತಿರುಗಿದೆ. ಹೇಳಿದ್ದ ಸಮಯಕ್ಕಿಂತ ಆರು ನಿಮಿಷ ಮೊದಲೇ ತಲೆ ನೀರಿನ ಮೇಲೆ ಬಂದಾಗ ಗೆಳತಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ನನ್ನನ್ನು ಕಂಡ ಮೇಲೆಯೇ ಸ್ಲೇಟಿನ ಮೇಲಿದ್ದುದನ್ನು ಒದ್ದೆ ಕೈಯಿಂದ ಒರೆಸಿದಳು.